ವೈಶಾಖದೊಳಗೆ ಕ್ಲಿಪ್ ಬಿಚ್ಚಬಹುದೇ?

ಬೆಳಿಗ್ಗೆ ಹಲ್ಲಿನ ಡಾಕ್ಟರ ಬಳಿ, ಹಲ್ಲು ನೇರ ಮಾಡುವ ಕ್ಲಿಪ್ಪಿನ ತಂತಿ ಬಿಗಿಸಿಕೊಂಡು ಬಂದಿದ್ದೇನೆ. ದವಡೆ ಮಿಡಿಯುತ್ತಿದೆ, ಮಧ್ಯಾಹ್ನದ ಊಟ ಅರ್ಧಕ್ಕೇ ನಿಂತಿದೆ. ಈ ಬರಹದಲ್ಲಿ ಸಿಟ್ಟು ಹೆಚ್ಚಾಗಿ ಕಂಡರೆ ಅದರಲ್ಲಿ ಅರ್ಧವನ್ನು ತಂತಿಯ ಖಾತೆಗೆ ಬರೆದುಕೊಳ್ಳಿ. ಉಳಿದರ್ಧ ನನ್ನದೇ.

ಕಾಯುವ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ ಮತ್ತು ಇಪ್ಪತ್ತೆರಡು ಇಪ್ಪತ್ಮೂರರ ಮಗಳು ಕೂತಿದ್ದರು. ಅವರ ಸರದಿ ಬಂದು ಒಳಗೆ ಹೋದರು. ಬಾಗಿಲು ತೆರೆದೇ ಇತ್ತು, ನಾನು ಕದ್ದು ಕೇಳಲಿಲ್ಲ, ಸುಮ್ಮನೆ ಕೇಳಿಸಿತು. "ವೈಶಾಖದಲ್ಲಿ ಮದುವೆ ಇಟ್ಟುಕೊಂಡಿದ್ದೇವೆ ಡಾಕ್ಟರೇ, ಅಷ್ಟರೊಳಗೆ ಕ್ಲಿಪ್ ಬಿಚ್ಚಬಹುದೇ?" ಈಗ ಇನ್ನೂ ಅವರೆಕಾಯಿ ಕಾಲ, ಸಂಕ್ರಾಂತಿಯೇ ಬಂದಿಲ್ಲ. ಕಡಿಮೆಯೆಂದರೂ ಒಂದೂವರೆ ವರ್ಷ ಬೇಕು ಎಂದು ಡಾಕ್ಟರು ಹೇಳಿದರು. ಆ ತಾಯಿ ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಹಾಗಾದರೆ ಫೋಟೋದಲ್ಲಿ ಕಾಣುವ ನಾಲ್ಕು ಹಲ್ಲು ಮಾತ್ರ ಸರಿ ಮಾಡಿಕೊಡಿ" ಎಂದರು. ಮನೆಗೆ ನೆಂಟರು ಬರುತ್ತಾರೆಂದು ಬೀದಿ ಕಡೆಯ ಗೋಡೆಗೆ ಮಾತ್ರ ಸುಣ್ಣ ಹೊಡೆಸುತ್ತೇವಲ್ಲ, ಹಾಗೆ.

ಹೊರಗೆ ಬಂದು ಬಿಲ್ಲಿಗೆ ಕಾಯುತ್ತ ನನ್ನನ್ನು ಮಾತಿಗೆಳೆದರು. "ಮಗಳಿಗೆ ಹಾಕಿಸಲು ಬಂದಿರಾ?" ನನಗೇ ಎಂದೆ. ಬಾಯಿ ತೆರೆದು ತೋರಿಸಿದೆ ಕೂಡ. "ಅಯ್ಯೋ, ಮದುವೆಯಾಗಿ ಮಕ್ಕಳಿದ್ದಾರಲ್ಲ, ಇನ್ನು ಯಾರಿಗೆ ತೋರಿಸಲಿಕ್ಕೆ?"

ಯಾರಿಗೆ ತೋರಿಸಲಿಕ್ಕೆ! ಕ್ಲಿಪ್ ಹಾಕಿಸಿಕೊಂಡ ಈ ಹತ್ತು ತಿಂಗಳಲ್ಲಿ ಈ ಮಾತನ್ನು ನಾನು ಕೇಳಿದ್ದು ಎಷ್ಟನೆಯ ಸಲವೋ. ಸ್ಟಾಫ್ ರೂಮಿನಲ್ಲಿ ಕೇಳಿದೆ, ಓರಗಿತ್ತಿಯ ಬಾಯಲ್ಲಿ ಕೇಳಿದೆ, ಬಂಗಾರಪೇಟೆಯಲ್ಲಿ ಪಾನಿಪುರಿ ಕೊಡುವವರೂ "ನಿಮಗಾ ಮೇಡಂ?" ಎಂದು ಮಗಳ ಮುಖ ನೋಡಿದರು. (ಅವರ ಪುರಿಯನ್ನು ಒಂದೇ ಬಾಯಿಗೆ ಹಾಕಿಕೊಂಡು ಅಗಿದು, ತಂತಿ ಹಿಡಿಯಲೆಂದು ಹಲ್ಲಿಗೆ ಅಂಟಿಸಿದ ಒಂದು ಬ್ರಾಕೆಟ್ ಕಿತ್ತುಕೊಂಡವಳು ನಾನೇ. ಅದು ನನ್ನ ತಪ್ಪು, ಪುರಿಯದಲ್ಲ.)

ನನ್ನ ಮೊದಲ ಕ್ಲಿಪ್ಪಿನ ಕಥೆ ಹಳಬರಿಗೆ ಗೊತ್ತು, ಹೊಸಬರಿಗಾಗಿ ಇನ್ನೊಮ್ಮೆ. ವರ್ಷ 2003, ನನಗೆ ಇಪ್ಪತ್ತೆರಡು. ನೋಡಲು ಬಂದ ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ಉಪ್ಪಿಟ್ಟು ತಿಂದು ಕೈತೊಳೆಯುತ್ತ, "ಹುಡುಗಿ ಲಕ್ಷಣವಾಗಿದ್ದಾಳೆ, ಬಾಯಿ ಮುಚ್ಚಿಕೊಂಡಿದ್ದರೆ" ಎಂದರು. ಅಲ್ಲಿಯವರೆಗೆ ನನ್ನ ಉಬ್ಬುಹಲ್ಲು ಮನೆಯಲ್ಲಿ ಯಾರಿಗೂ ಸಮಸ್ಯೆಯಾಗಿರಲಿಲ್ಲ. ಒಂದರ ಮೇಲೊಂದು ಹತ್ತಿ ಕುಳಿತ ಕೋರೆಹಲ್ಲನ್ನು ಅಜ್ಜಿ ಅದೃಷ್ಟದ ಹಲ್ಲು ಎಂದೇ ಕರೆಯುತ್ತಿದ್ದಳು. ಆ ಸಂಜೆ ಅದೃಷ್ಟ ತಿರುಗಿತು. ಮುಂದಿನ ತಿಂಗಳು ಅಪ್ಪ ನನ್ನನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದರು. ನಾಲ್ಕು ಹಲ್ಲು ಕೀಳಿಸಿ, ತಂತಿ ಕಟ್ಟಿಸಿ, ತಿಂಗಳಿಗೊಮ್ಮೆ ಹೋಗಿಬರುವುದಾಯಿತು. ಹದಿಮೂರನೆಯ ತಿಂಗಳಿಗೆ ಬೇರೆ ಕಡೆ ಮದುವೆ ಗೊತ್ತಾಯಿತು, ಕೆಲಸ ಮುಗಿಯುವ ಮೊದಲೇ ಬಿಚ್ಚಿಸಿದರು. ಹಲ್ಲು ಮತ್ತೆ ಸರಿಯದಂತೆ ಹಿಡಿದಿಡಲು, ತೆಗೆದು ಹಾಕಿಕೊಳ್ಳುವ ರಿಟೈನರ್ ಕೊಟ್ಟರು.

ಧಾರೆಯಾದ ಮೇಲೆ ಊಟಕ್ಕೆ ಕುಳಿತಾಗ ಆ ರಿಟೈನರನ್ನು ತೆಗೆದು ಕಾಗದದಲ್ಲಿ ಸುತ್ತಿ ಎಲೆಯ ಅಂಚಿಗೆ ಇಟ್ಟೆ. ಯಾರೋ ಫೋಟೋಕ್ಕೆ ಕರೆದರು, ಎದ್ದು ಹೋದೆ. ಬರುವಷ್ಟರಲ್ಲಿ ಪಂಕ್ತಿಯೇ ಖಾಲಿ. ಮದುಮಗಳ ಅಪ್ಪ ರೇಷ್ಮೆ ಪಂಚೆಯನ್ನು ಮೇಲಕ್ಕೆ ಕಟ್ಟಿಕೊಂಡು, ಛತ್ರದ ಹಿಂದೆ ಎಂಜಲೆಲೆಯ ರಾಶಿಯಲ್ಲಿ ಕೋಲಿನಿಂದ ಹುಡುಕಿದರು. ಸಿಗಲಿಲ್ಲ. ಅವರು ತೀರಿಕೊಂಡು ಆರು ವರ್ಷವಾಯಿತು. ಅವರನ್ನು ನೆನೆದಾಗ ನನಗೆ ಮೊದಲು ಬರುವ ಚಿತ್ರ ಅದೇ.

ಇನ್ನೊಂದು ರಿಟೈನರ್ ಮಾಡಿಸೋಣ ಎಂದು ಯಾರೂ ಹೇಳಲಿಲ್ಲ. ಯಾಕೆ ಹೇಳುತ್ತಾರೆ? ಮದುವೆ ಆಯಿತಲ್ಲ. ಎರಡು ವರ್ಷದಲ್ಲಿ ಹಲ್ಲುಗಳು ತವರಿಗೆ ಹೊರಟ ಹಾಗೆ ಒಂದೊಂದೇ ತಮ್ಮ ಹಳೆಯ ಜಾಗದ ಕಡೆ ಸರಿದವು. ಮನೆಯಲ್ಲಿ ಒಬ್ಬರೂ ಗಮನಿಸಲಿಲ್ಲ. ತೋರಿಸಬೇಕಾದವರಿಗೆ ತೋರಿಸಿ ಆಗಿತ್ತು.

ಹಲ್ಲು ಸರಿಯುವುದು ಹೇಗೆ ಎಂದು ಈಗಿನ ಡಾಕ್ಟರು ಚಿತ್ರ ಬರೆದು ತೋರಿಸಿದರು. ತಂತಿ ಒತ್ತಿದ ಕಡೆ ಮೂಳೆ ಕರಗುತ್ತದೆ, ಹಿಂದೆ ಬಿಟ್ಟ ಕಡೆ ಹೊಸ ಮೂಳೆ ಕೂಡಿಕೊಳ್ಳುತ್ತದೆ. ಪಕ್ಕದ ಹೊಲದವನು ಉತ್ತಾಗಲೆಲ್ಲ ಒಂದು ಗೇಣು ಬದು ಒತ್ತಿದ ಹಾಗೆ. ತಂತಿ ಬಿಚ್ಚಿದ ಕೂಡಲೇ ಬದು ಗಟ್ಟಿಯಾಗುವುದಿಲ್ಲ, ವಸಡಿನ ಎಳೆಗಳು ಹಲ್ಲನ್ನು ಹಿಂದಕ್ಕೆ ಜಗ್ಗುತ್ತಲೇ ಇರುತ್ತವೆ. ಅದಕ್ಕೇ ರಿಟೈನರನ್ನು ವರ್ಷಗಟ್ಟಲೆ ಹಾಕಬೇಕು. ವಸಡು, ಮೂಳೆ ಆರೋಗ್ಯವಾಗಿದ್ದರೆ ಇದೆಲ್ಲ ನಲವತ್ತರಲ್ಲೂ ನಡೆಯುತ್ತದೆ, ಅರವತ್ತರಲ್ಲೂ ನಡೆಯುತ್ತದೆ, ನಿಧಾನ ಅಷ್ಟೆ. ಮೂಳೆಗೆ ವಯಸ್ಸು ಗೊತ್ತು, ಲಗ್ನಪತ್ರಿಕೆ ಗೊತ್ತಿಲ್ಲ.

ಅದೇ ಬೆಂಚಿನ ಆ ತುದಿಯಲ್ಲಿ ಒಂಬತ್ತು ವರ್ಷದ ಹುಡುಗನೂ ಇದ್ದ. ಬಾಯಿ ತೆರೆದೇ ಉಸಿರಾಡುತ್ತಿದ್ದ, ಮೇಲಿನ ದವಡೆ ಕಿರಿದು. ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಹೇಳಿ ಕಳಿಸಿದರಂತೆ. ಅವನ ತಂದೆ ನಗುತ್ತ, "ಗಂಡು ಹುಡುಗ, ಹಲ್ಲು ಹೇಗಿದ್ದರೇನು, ಮೀಸೆ ಬಂದರೆ ಮುಚ್ಚಿಹೋಗುತ್ತದೆ" ಎಂದರು. ಮೀಸೆ ಅಂಗುಳನ್ನೂ ಮುಚ್ಚುತ್ತದೆಂದು ನನಗೆ ಗೊತ್ತಿರಲಿಲ್ಲ. ಅಂಗುಳಿನ ನಡುವೆ ಒಂದು ಬೆಸುಗೆ ಇರುತ್ತದೆ, ಹದಿಹರೆಯ ಕಳೆಯುತ್ತ ಅದು ಬಿಗಿಯುತ್ತದೆ. ಅದಕ್ಕೆ ಮೊದಲು ಸಣ್ಣ ಸಾಧನದಿಂದ ದವಡೆ ಅಗಲಿಸಬಹುದು, ಆಮೇಲೆ ಅದೇ ಕೆಲಸಕ್ಕೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಹಾಗೆ ನೋಡಿದರೆ ಆ ಬೆಂಚಿನಲ್ಲಿ ನಿಜವಾಗಿ ಅವಸರವಿದ್ದದ್ದು ಆ ಹುಡುಗನಿಗೆ. ಅವಸರ ಮಾಡುತ್ತಿದ್ದವರು ಮಾತ್ರ ವೈಶಾಖದವರು.

"ಇದೆಲ್ಲ ಹಲ್ಲಿನ ಡಾಕ್ಟರುಗಳ ವ್ಯಾಪಾರ, ನಮ್ಮ ಅಜ್ಜಿಯರು ತಂತಿ ಕಟ್ಟಿಸಿಕೊಂಡಿದ್ದರಾ?" ಎಂದು ಕಾಮೆಂಟ್ ಬರೆಯಲು ಈಗಾಗಲೇ ಬೆರಳು ಮಡಚಿದವರಿಗೆ: ಹೌದು, ಸೊಟ್ಟ ಹಲ್ಲೆಲ್ಲ ರೋಗವಲ್ಲ, ಕಟ್ಟದೆ ಬಿಟ್ಟರೂ ನಡೆಯುವ ಬಾಯಿಗಳು ಬಹಳ ಇವೆ, ನನ್ನ ಕ್ಲಿಪ್ಪಿಗೆ ತಗಲುವ ನಲವತ್ತೈದು ಸಾವಿರ ರೂಪಾಯಿ ಸಣ್ಣ ಮೊತ್ತವೂ ಅಲ್ಲ. ಒಪ್ಪಿದೆ. ಆದರೆ ನನ್ನ ಅಜ್ಜಿ ಐವತ್ತೈದಕ್ಕೇ ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆ ಭಾಗ್ಯವನ್ನು ದಯವಿಟ್ಟು ನನಗೆ ಹೊಗಳಬೇಡಿ. ಮಗಳ ಮದುವೆಗೆ ಸಾಲ ತೆಗೆದು ಹೂವಿನ ಮಂಟಪ ಕಟ್ಟಿಸುವವರು ನನ್ನ ಬಾಯಿಯ ಖರ್ಚಿನ ಲೆಕ್ಕ ಕೇಳುವುದು ಇನ್ನೂ ಸೊಗಸು.

ಇನ್ನು ಕೆಲವರದು ಬೇರೆ ರಾಗ: "ಬಣ್ಣವೇ ಹಾಗಿರುವಾಗ ನೇರ ಮಾಡಿ ಏನು ಪ್ರಯೋಜನ?" ನನ್ನ ಹಲ್ಲಿನ ಕಂದು ಗೆರೆಗಳು ನನಗೆ ಗೊತ್ತಿಲ್ಲವೆಂದುಕೊಂಡಿದ್ದಾರೋ ಏನೋ. ನಾನು ಬೆಳೆದದ್ದು ಬಾಗೇಪಲ್ಲಿ ಕಡೆಯ ಹಳ್ಳಿಯಲ್ಲಿ. ಆಗ ಅದು ಕೋಲಾರ ಜಿಲ್ಲೆಯೇ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ತೆರೆದ ಬಾವಿ ಬತ್ತಿ ಕೊಳವೆಬಾವಿ ಬಂತು, ಬಂಡೆಯ ಸಂದಿನಿಂದ ಎತ್ತಿದ ನೀರಿನಲ್ಲಿ ಫ್ಲೋರೈಡ್ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂದು ನಿಯಮವಿದೆ, ಕೊಳವೆಬಾವಿ ನಿಯಮ ಓದಿಕೊಂಡು ನೀರು ಕೊಡುವುದಿಲ್ಲ. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ನೀರು ಅದು, ಅದರ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇಂಥ ಹಲ್ಲಿನ ಮೇಲೆ ಬ್ರಾಕೆಟ್ ಕೂಡ ಸುಲಭವಾಗಿ ನಿಲ್ಲುವುದಿಲ್ಲ. ಅಂಟು ಹಿಡಿಯಲೆಂದು ಆಮ್ಲ ಹಚ್ಚಿ ಮೇಲ್ಮೈಯನ್ನು ಒರಟು ಮಾಡುತ್ತಾರೆ, ಫ್ಲೋರೈಡ್ ಕುಡಿದ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಆ ಆಮ್ಲಕ್ಕೂ ಜಗ್ಗುವುದಿಲ್ಲ. ಪುರಿಯದ್ದು ಬಿಟ್ಟು ನನ್ನದು ಇನ್ನೂ ಎರಡು ಸಲ ಕಳಚಿದೆ. ಮಗಳು ಹುಟ್ಟಿದಂದಿನಿಂದ ಕ್ಯಾನಿನ ಶುದ್ಧ ನೀರು ಕುಡಿದವಳು, ಹನ್ನೆರಡಕ್ಕೆ ಹಾಕಿಸಿದೆ, ಒಂದೂ ಬಿದ್ದಿಲ್ಲ. ಪ್ರತಿ ತಿಂಗಳೂ ಸಣ್ಣ ರಬ್ಬರ್ ಉಂಗುರಗಳ ಬಣ್ಣ ಬದಲಾಯಿಸುತ್ತಾಳೆ, ನವೆಂಬರಿನಲ್ಲಿ ಹಳದಿ ಕೆಂಪು ಹಾಕಿಸಿಕೊಂಡು ಶಾಲೆಯ ರಾಜ್ಯೋತ್ಸವದಲ್ಲಿ ಹಲ್ಲು ಕಿರಿದು ನಿಂತಿದ್ದಳು. ಕ್ಲಿಪ್ಪನ್ನು ಒಡವೆಯಂತೆ ಹಾಕಿಕೊಳ್ಳುವ ಆ ವಯಸ್ಸನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಊಟದ ವಿಷಯದಲ್ಲಿ ಮಾತ್ರ ಕೋಲಾರದವರಷ್ಟು ಪುಣ್ಯವಂತರಿಲ್ಲ. ತಂತಿ ಬಿಗಿಸಿದ ಮೂರು ದಿನ ಅನ್ನವನ್ನೂ ಅಗಿಯಲಾಗುವುದಿಲ್ಲ. ನಮಗೇನು? ಮುದ್ದೆಯನ್ನು ಅಗಿಯುವವರು ಯಾರು! ಹಿತಕಿದ ಬೇಳೆ ಸಾರಿನಲ್ಲಿ ಅದ್ದಿ ನುಂಗಿದರೆ ಹಲ್ಲಿಗೆ ಸುದ್ದಿಯೇ ಹೋಗುವುದಿಲ್ಲ. ಕಷ್ಟ ಬರುವುದು ಸಂಕ್ರಾಂತಿಗೆ. ಎಳ್ಳು, ಕೊಬ್ಬರಿ, ಹುರಿಗಡಲೆ, ಕಬ್ಬು, ಒಂದಾದರೂ ಕ್ಲಿಪ್ಪಿಗೆ ಹೊಂದುತ್ತದೆಯೇ? ಒಳ್ಳೆಯ ಮಾತನ್ನಾಡಲು ಎಳ್ಳು ಸಿಕ್ಕಿಕೊಂಡ ಬಾಯನ್ನು ತೆರೆಯುವುದು ಹೇಗೆ? ಬೇಸಿಗೆಗೆ ಶ್ರೀನಿವಾಸಪುರದ ಮಾವಿನ ನಾರು ಬೇರೆ.

ಈಗ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. "ಯಾರಿಗೆ ತೋರಿಸಲಿಕ್ಕೆ" ಎಂದವರಿಗೆಲ್ಲ ನಾನು ಇದುವರೆಗೆ ಕೊಟ್ಟ ಉತ್ತರ, "ಕೆಳಗಿನ ಹಲ್ಲು ಅಂಗುಳಿಗೆ ಚುಚ್ಚುತ್ತಿತ್ತು, ಇಕ್ಕಟ್ಟಿನಲ್ಲಿ ಬ್ರಷ್ ಹೋಗದೆ ವಸಡಿನಲ್ಲಿ ರಕ್ತ ಬರುತ್ತಿತ್ತು" ಎಂದು. ಅದು ನಿಜ, ಡಾಕ್ಟರ ಚೀಟಿಯಲ್ಲೂ ಇದೆ. ಆದರೆ ಅಷ್ಟೇ ಆಗಿದ್ದರೆ ನಾನು ಇನ್ನೂ ಹತ್ತು ವರ್ಷ ತಳ್ಳುತ್ತಿದ್ದೆ. ಕಳೆದ ವರ್ಷ ಮಗಳ ಶಾಲೆಯ ಯಾವುದೋ ಯೋಜನೆಗೆ ಅಮ್ಮ ನಗುತ್ತಿರುವ ಫೋಟೋ ಬೇಕಾಗಿತ್ತು. ಮದುವೆಯ ಆಲ್ಬಂ ತೆಗೆದೆವು, ಸೀಮಂತದ್ದು, ಗೃಹಪ್ರವೇಶದ್ದು, ಮೊಬೈಲಿನಲ್ಲಿದ್ದದ್ದು. ಎಲ್ಲದರಲ್ಲೂ ತುಟಿ ಬಿಗಿದಿದೆ, ಇಲ್ಲವೇ ಬಾಯಿಗೆ ಕೈ ಅಡ್ಡ ಬಂದಿದೆ, ಇಲ್ಲವೇ ಸೆರಗು. ಒಂದೂ ಸಿಗಲಿಲ್ಲ. ತೋರಿಸಲಿಕ್ಕೇ ಹಾಕಿಸಿಕೊಂಡಿದ್ದೇನೆ ತಾಯೀ. ಬೆಳಿಗ್ಗೆ ನಿಮಗೆ ವಸಡಿನ ಕಥೆ ಹೇಳಿದ್ದು ಹೇಡಿತನ.

ಹೊರಡುವಾಗ ಮೆಟ್ಟಿಲಿನಲ್ಲಿ ಆ ಹುಡುಗಿ ಸಿಕ್ಕಳು. ಅಮ್ಮ ಮೇಲೆ ಇನ್ನೂ ಬಿಲ್ಲಿನ ಚೌಕಾಸಿಯಲ್ಲಿದ್ದರು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ, "ತುಂಬಾ ನೋಯುತ್ತದೆಯೇ?" ಎಂದು ಕೇಳಿದಳು. ನಾಲ್ಕು ದಿನ, ಮುದ್ದೆ ನುಂಗು, ಕೆನ್ನೆಗೆ ತಂತಿ ಚುಚ್ಚಿದರೆ ಮೇಣ ಕೊಡುತ್ತಾರೆ ಹಚ್ಚಿಕೋ ಎಂದೆ. "ಮದುವೆಯ ದಿನವೂ ಕ್ಲಿಪ್ ಇದ್ದರೆ ಚೆನ್ನಾಗಿ ಕಾಣುವುದಿಲ್ಲ ಅಲ್ಲವೇ?" ಎಂದಳು. ಏನು ಹೇಳಬೇಕೆಂದು ತಿಳಿಯದೆ ಎಂಜಲೆಲೆಯ ಕಥೆ ಹೇಳಿದೆ, ಅಪ್ಪ ಕೋಲು ಹಿಡಿದು ನಿಂತದ್ದರವರೆಗೆ. ಜೋರಾಗಿ ನಕ್ಕಳು. ನಗುವಾಗ ಕೈ ಅಡ್ಡ ಬರಲಿಲ್ಲ, ಆಮೇಲೆ ನೆನಪಾಗಿ ಬಂತು. ಮೇಲಿನಿಂದ ಅವಳ ಅಮ್ಮ ಕೂಗಿದರು. ಓಡುತ್ತ ಹತ್ತುವವಳಿಗೆ, ರಿಟೈನರನ್ನು ಡಬ್ಬಿಯಲ್ಲೇ ಇಡಬೇಕು, ಕಾಗದದಲ್ಲಿ ಸುತ್ತಬೇಡ ಎಂದು ಕೆಳಗಿನಿಂದಲೇ ಕೂಗಿ ಹೇಳಿದೆ.