ಹವಾಯಿಗೆ ಹೋಗಿ ಎಲ್ಲಾದಕ್ಕೂ ದುಡ್ಡು ಕೊಡ್ಲೇಬೇಕಾ?

ನಮ್ಮ ಕ್ಯಾಲಿಫೋರ್ನಿಯಾದ ಬೇ ಏರಿಯಾ ಕನ್ನಡದೋರ ವಾಟ್ಸಾಪ್ ಗ್ರೂಪಲ್ಲಿ ಡಿಸೆಂಬರ್ ರಜೆ ಹತ್ರ ಬಂತು ಅಂದ್ರೆ ಹವಾಯಿ ಪ್ರಶ್ನೆಗಳು ಶುರು. ಯಾವ ಲುವಾವ್ (ಊಟದ ಜೊತೆ ಹುಲಾ ಕುಣಿತ ತೋರ್ಸೋ ಸಂಜೆ ಪಾರ್ಟಿ) ಚೆನ್ನಾಗಿದೆ, ಹೆಲಿಕಾಪ್ಟರ್ ರೈಡಿಗೆ ಅಷ್ಟು ಕೊಡ್ಬೋದಾ, ಸಬ್‌ಮರೀನಲ್ಲಿ ಚಿಕ್ಕ ಮಕ್ಳನ್ನ ಬಿಡ್ತಾರಾ, ಹೀಗೇ. ಫ್ಲೈಟು, ಹೋಟ್ಲು, ರೂಮಿನ ರೇಟ್ ಮೇಲೆ ದಿನಕ್ಕೆ ನಲವತ್ತು ಐವತ್ತು ಡಾಲರ್ ರೆಸಾರ್ಟ್ ಫೀ ಅಂತ ಬೇರೆ, ಕಾರ್ ನಿಲ್ಲಿಸೋಕೆ ಇನ್ನೊಂದಿಷ್ಟು, ಅಲ್ಲಿಗೇ ಅರ್ಧ ಜೀವ ಹೋಗಿರತ್ತೆ, ಆಮೇಲೂ ದಿನಕ್ಕೊಂದು ಆಕ್ಟಿವಿಟಿ ಬುಕ್ ಮಾಡಿಲ್ಲ ಅಂದ್ರೆ ಟ್ರಿಪ್ ವೇಸ್ಟು ಅನ್ನೋ ಥರ ಆಡ್ತೀವಿ. ಯಾರೂ "ಯಾವ ಬೀಚಲ್ಲಿ ನೆರಳು ಚೆನ್ನಾಗಿದೆ" ಅಂತ ಕೇಳಿದ್ದು ನಾನಂತೂ ನೋಡಿಲ್ಲ.

ನನ್ನ ಅನಿಸಿಕೆ ಏನಂದ್ರೆ, ಆ ದ್ವೀಪಗಳಲ್ಲಿ ಒಳ್ಳೇದು ಅನ್ನೋದೆಲ್ಲ ಹೆಚ್ಚುಕಮ್ಮಿ ಬಿಟ್ಟಿನೇ. ಟೂರಿಸ್ಟ್‌ಗಳ ಮೇಲಿನ ಪ್ರೀತಿಗಲ್ಲ ಅದು, ಅಲ್ಲಿನ ಜನ ತಮಗೋಸ್ಕರ ಹಠ ಹಿಡಿದು ಉಳಿಸ್ಕೊಂಡಿರೋದು. ಹಾಗಾಗಿ ಅವರು ರಜೆ ಕಳೆಯೋ ಥರಾನೇ ನಾವೂ ಕಳೆದ್ರೆ ಖರ್ಚೂ ಕಮ್ಮಿ, ಖುಷಿನೂ ಜಾಸ್ತಿ.

ಹವಾಯಿಯ ಓಅಹು ದ್ವೀಪದಲ್ಲಿ ಹೊನೊಲುಲು ಊರೊಳಗೇ ಆಲಾ ಮೊಆನಾ ಬೀಚ್ ಪಾರ್ಕ್ ಅಂತಿದೆ. ಪಾರ್ಕಿಂಗ್ ಫ್ರೀ, ಶವರ್ ಫ್ರೀ, ಮುಂದೆ ಬಂಡೆಗಳ ಅಡ್ಡ ಇರೋದ್ರಿಂದ ನೀರು ಕೆರೆ ಥರ ಸುಮ್ನಿರತ್ತೆ. ಭಾನುವಾರ ಬೆಳಿಗ್ಗೆ ಹೋಗಿ ನೋಡಿ, ಅಜ್ಜಿಯಿಂದ ಹಿಡಿದು ಕೈಗೂಸಿನ ತನಕ ಇಡೀ ಮನೆಮಂದಿ ಬಂದಿರ್ತಾರೆ, ಒಂದು ಟೆಂಟು, ಮಡಚೋ ಕುರ್ಚಿಗಳು, ಐಸ್ ಡಬ್ಬ, ದೊಡ್ಡ ಪಾತ್ರೆ ತುಂಬಾ ಅನ್ನ, ಪಕ್ಕದಲ್ಲಿ ಕೆಂಡದ ಮೇಲೆ ಏನೋ ಸುಡ್ತಿರತ್ತೆ. ಕತ್ತಲಾಗೋ ತನಕ ಎದ್ದೇಳಲ್ಲ. ಗೊತ್ತಿಲ್ಲದೋರನ್ನೂ ವಯಸ್ಸಾಗಿದ್ರೆ ಆಂಟಿ ಅಂಕಲ್ ಅಂತಾರೆ, ಮನೆ ಒಳಗೆ ಹೋಗೋವಾಗ ಚಪ್ಪಲಿ ಬಾಗಿಲಲ್ಲೇ ಬಿಡ್ತಾರೆ, ಅಮೆರಿಕದ ಯಾವ ಮೂಲೆಯಲ್ಲೂ ನಂಗೆ ಇಷ್ಟು ನಮ್ಮೋರು ಅನ್ಸಿಲ್ಲ. ಚಿತ್ರಾನ್ನ ಮೊಸರನ್ನ ಬುತ್ತಿ ಕಟ್ಕೊಂಡು, ಜಮಖಾನ ಸುತ್ಕೊಂಡು ಬಸ್ಸಲ್ಲಿ ಕೆಆರ್‌ಎಸ್, ಶಿವನಸಮುದ್ರ ನೋಡ್ಕೊಂಡು ಬರ್ತಿದ್ದ ಮನೆಗಳಿಂದಾನೇ ನಾವೆಲ್ಲ ಬಂದಿರೋದು. ಹಾಗಿದ್ದೂ ಕ್ಯಾಲಿಫೋರ್ನಿಯಾಗೆ ಬಂದ್ಮೇಲೆ ಡಬ್ಬಿ ಕಟ್ಕೊಂಡು ಹೋಗೋದು ನಾಚಿಕೆ ವಿಷ್ಯ ಯಾಕಾಯ್ತೋ ಗೊತ್ತಿಲ್ಲ.

ಬೀಚಿನ ಕಾನೂನು ಗೊತ್ತಿರಬೇಕು, ಇದೇ ಮುಖ್ಯ. ಹವಾಯಿಯಲ್ಲಿ ಅಲೆ ಮೇಲಕ್ಕೆ ಎಲ್ಲಿ ತನಕ ಬಂದು ತಾಗತ್ತೋ ಅಲ್ಲಿ ತನಕ ಕಡಲತೀರ ಸಾರ್ವಜನಿಕರದ್ದು, ಹಿಂದೆ ಯಾವ ಸಾಹುಕಾರನ ಬಂಗ್ಲೆ ಇದ್ರೂ, ಎಂಥ ರೆಸಾರ್ಟ್ ಇದ್ರೂ. ಲನಿಕಾಯಿ ಕಡೆ ಹೋದ್ರೆ ಕೋಟಿಗಟ್ಟಲೆ ಬೆಲೆಯ ಮನೆಗಳ ಮಧ್ಯೆ ಓಣಿ ಥರ ಸಣ್ಣ ದಾರಿಗಳು, ಅದಕ್ಕೊಂದು ಬೋರ್ಡು, ಯಾರ್ ಬೇಕಾದ್ರೂ ನಡ್ಕೊಂಡು ಹೋಗ್ಬೋದು. ಹೊನೊಲುಲುವಿನ ವೈಕಿಕಿಯ ದುಬಾರಿ ಹೋಟ್ಲುಗಳ ಮುಂದಿನ ಮರಳಲ್ಲೂ ಅಷ್ಟೇ, ಅಲೆ ತಾಗೋ ಜಾಗದಲ್ಲಿ ಟವಲ್ ಹಾಸ್ಕೊಂಡು ಕೂತ್ರೆ ಎಬ್ಬಿಸೋಕೆ ಯಾರಿಗೂ ಹಕ್ಕಿಲ್ಲ, ಕುರ್ಚಿ ಛತ್ರಿ ಮಾತ್ರ ಅವರದು. ನಮ್ಮ ಕರಾವಳಿಯಲ್ಲೂ ಕಡಲತೀರ ಯಾರಪ್ಪನ ಆಸ್ತಿನೂ ಅಲ್ಲ ನಿಜ, ಆದ್ರೆ ತೀರಕ್ಕೆ ಹೋಗೋ ದಾರಿ ಯಾರದು ಅನ್ನೋದರಲ್ಲೇ ಎಲ್ಲಾ ಇರೋದು. ಹವಾಯಿಯೋರು ಆ ದಾರಿಗೂ ಬೋರ್ಡ್ ಹಾಕಿ ಉಳಿಸಿದ್ದಾರಲ್ಲ, ಅದಕ್ಕೆ ಮೆಚ್ಚಬೇಕು.

ಇನ್ನು ಗ್ರೂಪಲ್ಲಿ ಪ್ರತಿ ಸಲ ಬರೋ ಇನ್ನೊಂದು ದೂರು. ಹನೌಮಾ ಬೇ, ಅದೇ ಹಳೇ ಜ್ವಾಲಾಮುಖಿಯ ಬಾಯೊಳಗೆ ಸಮುದ್ರ ನುಗ್ಗಿ ಆಗಿರೋ ಕೊಲ್ಲಿ, ಬಣ್ಣ ಬಣ್ಣದ ಮೀನು ನೋಡೋಕೆ ಹೋಗ್ತೀವಲ್ಲ, ಅಲ್ಲಿ ಹೊರಗಿನೋರಿಗೆ 25 ಡಾಲರ್, ಅಲ್ಲಿಯೋರಿಗೆ ಫ್ರೀ. ಡೈಮಂಡ್ ಹೆಡ್ ಬೆಟ್ಟ ಹತ್ತೋಕೂ 2022ರಿಂದ ಮೊದ್ಲೇ ಬುಕ್ ಮಾಡ್ಬೇಕು, ತಲೆಗೆ 5 ಡಾಲರ್, ಕಾರಿಗೆ 10, ಅದೂ ಹೊರಗಿನೋರಿಗೆ ಮಾತ್ರ. "ಇದೇನ್ ಅನ್ಯಾಯ, ನಾವೂ ಟ್ಯಾಕ್ಸ್ ಕಟ್ಟೋರೇ ತಾನೇ" ಅಂತ ಎಗರಾಡ್ತಾರೆ. ಅಲ್ರೀ, ಹಂಪಿಯಲ್ಲಿ ನಮಗೆ 40 ರೂಪಾಯಿ, ಫಾರಿನ್ನೋರಿಗೆ 600 ಅಂತ ಬೋರ್ಡ್ ಇರೋವಾಗ ನಮಗೇನೂ ಅನ್ಯಾಯ ಕಾಣ್ಸಿಲ್ವಲ್ಲ? ಹನೌಮಾದಲ್ಲಿ ಜನ ಹವಳದ ಮೇಲೇ ನಿಂತು ತುಳಿದು ತುಳಿದು ಹಾಳಾಗ್ತಿತ್ತು, ಈಗ ಒಳಗೆ ಬಿಡೋಕೆ ಮುಂಚೆ ಹವಳ ಮುಟ್ಬೇಡಿ, ಮೀನಿಗೆ ಏನೂ ಹಾಕ್ಬೇಡಿ ಅಂತ ಒಂದು ವಿಡಿಯೋ ಕಡ್ಡಾಯ, ಸೋಮವಾರ ಮಂಗಳವಾರ ಪೂರ್ತಿ ರಜೆ. ಮೀನಿಗೂ ವೀಕೆಂಡ್ ಬೇಕಲ್ವಾ. 25 ಡಾಲರ್ ಜಾಸ್ತಿ ಅನ್ಸಿದ್ರೆ ಬೇಸಿಗೆಯಲ್ಲಿ ನಾರ್ತ್ ಶೋರಿನ, ಅಂದ್ರೆ ಓಅಹುವಿನ ಉತ್ತರ ತೀರದ, ಶಾರ್ಕ್ಸ್ ಕೋವಿಗೆ ಹೋಗಿ, ಹೆಸರು ಕೇಳಿ ಹೆದರ್ಬೇಡಿ, ಅಲ್ಲೂ ಮೀನಿದೆ, ದುಡ್ಡಿಲ್ಲ. ಮುಖಕ್ಕೆ ಹಾಕೋ ಕನ್ನಡಕ ಕೊಳವೆ ಸೆಟ್ ಇಲ್ಲಿಂದಾನೇ ತಗೊಂಡ್ಹೋಗಿ, ಅಲ್ಲಿ ದಿನದ ಬಾಡಿಗೆ ಕೊಡ್ತಾ ಕೂತ್ರೆ ಅದೇ ದುಡ್ಡಿಗೆ ಹೊಸದು ಬಂದಿರತ್ತೆ.

ಆದ್ರೆ ಅದೇ ನಾರ್ತ್ ಶೋರ್ ಚಳಿಗಾಲದಲ್ಲಿ ಬೇರೇನೇ ಊರು. ವೈಮೆಯಾ ಬೇನಲ್ಲಿ ಇಪ್ಪತ್ತು ಮೂವತ್ತು ಅಡಿ ಅಲೆ ಏಳತ್ತೆ, ಮರಳಲ್ಲಿ ದೂರ ಕೂತು ನೋಡ್ಬೇಕು ಅಷ್ಟೇ, ಇಳಿಯೋ ಮಾತೇ ಇಲ್ಲ. ಅಲ್ಲಿನ ಲೈಫ್‌ಗಾರ್ಡ್‌ಗಳು ಮೈಕಲ್ಲಿ ಹೆಸರು ಹೇಳದೇ ಬೈತಾರೆ, "ಕೆಂಪು ಚಡ್ಡಿ ಹಾಕಿರೋರೇ, ಹಿಂದಕ್ಕೆ ಬನ್ನಿ" ಅಂತ, ಎಲ್ರೂ ಕೇಳ್ತಾರೆ. ಫ್ರೀ ಬೀಚ್ ಅಂದ್ರೆ ಅಲ್ಲಿ ಸರ್ಕಾರ ಖರ್ಚು ಮಾಡಲ್ಲ ಅಂತಲ್ಲ, ಮಾಡೋದು ಇದಕ್ಕೇನೇ. 2024ರ ಡಿಸೆಂಬರಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಮಕ್ಳು ನೀರು ಪಾಲಾದ ಸುದ್ದಿ ಓದಿದಾಗ ನಂಗೆ ಆ ಮೈಕಿನ ದನಿನೇ ನೆನಪಾಗಿದ್ದು.

ಓಡಾಟಕ್ಕೆ ಕಾರ್ ಬೇಕೇ ಬೇಕು ಅಂತಾರೆ ಎಲ್ರೂ. ದಿನಾ ಬೇಡ. ಅಲ್ಲಿನ ಸಿಟಿ ಬಸ್ಸು ಇಡೀ ದ್ವೀಪ ಸುತ್ತತ್ತೆ, ನಾನು ಹೋದಾಗ ಟಿಕೆಟ್ 3 ಡಾಲರ್, ಹೋಲೋ ಅನ್ನೋ ಬಸ್ ಕಾರ್ಡಲ್ಲಿ ಹೋದ್ರೆ ದಿನಕ್ಕೆ ಏಳೂವರೆ ಡಾಲರ್ ಆದ್ಮೇಲೆ ಎಷ್ಟ್ ಸುತ್ತಿದ್ರೂ ಕಟ್ ಆಗ್ತಿರ್ಲಿಲ್ಲ. ನಿಧಾನ, ಒಪ್ತೀನಿ, ಆದ್ರೆ ಕಿಟಕಿ ಪಕ್ಕ ಸಮುದ್ರ ಇರೋವಾಗ ಅರ್ಜೆಂಟ್ ಏನಿದೆ ಹೇಳಿ. ಒಂದೇ ಎಚ್ಚರಿಕೆ, ದೊಡ್ಡ ಲಗೇಜ್ ಬಸ್ಸಲ್ಲಿ ಬಿಡಲ್ಲ. ಸ್ಕೈಲೈನ್ ಟ್ರೇನ್ 2025ರ ಅಕ್ಟೋಬರಿಂದ ಏರ್‌ಪೋರ್ಟಿಗೂ ಬರತ್ತೆ, ಆದ್ರೆ ವೈಕಿಕಿ ತನಕ ಹೋಗಲ್ಲ, ಅಂದ್ರೆ ನಮಗೆ ಅರ್ಧ ಉಪಯೋಗ.

ಬಸ್ಸಲ್ಲೋ ಕಾರಲ್ಲೋ, ಮಕಪುಉ ಲೈಟ್‌ಹೌಸ್ ದಾರಿ ಬಿಡ್ಬೇಡಿ. ಡಾಂಬರ್ ರಸ್ತೆ, ಹೋಗಿ ಬರೋಕೆ ಎರಡು ಮೈಲಿ ಹತ್ರ, ಊರಿಂದ ಬಂದಿರೋ ಅಪ್ಪ ಅಮ್ಮನೂ ನಿಧಾನಕ್ಕೆ ಹತ್ಬೋದು. ಚಳಿಗಾಲದಲ್ಲಿ ಅಲಾಸ್ಕಾ ಕಡೆಯಿಂದ ತಿಮಿಂಗಿಲಗಳು ಮರಿ ಹಾಕೋಕೆ ಬರ್ತವೆ, ಮೇಲಿಂದಾನೇ ಕಾಣತ್ತೆ, ದೋಣಿಗೆ ನೂರು ಡಾಲರ್ ಕೊಡೋದೇನೂ ಬೇಡ. ಕನೆಯೋಹೆ ಹತ್ರ ಹೊಓಮಲುಹಿಯಾ ಅಂತ ತೋಟ ಇದೆ, ಪ್ರವಾಹ ತಡಿಯೋಕೆ ಅಂತ ಕೆರೆ ಕಟ್ಟಿದ ಜಾಗಾನೇ 400 ಎಕರೆ ಸಸ್ಯೋದ್ಯಾನ ಆಗಿದೆ, ಹಿಂದೆ ಗೋಡೆ ನಿಲ್ಸಿದಂಗೆ ಕೊಓಲೌ ಬೆಟ್ಟ, ಮಳೆ ಬಂದ್ರೆ ಅದರ ಮೇಲೆಲ್ಲ ನೀರಿನ ಗೆರೆಗಳು, ಆಗುಂಬೆ ನೋಡಿದೋರಿಗೆ ಹೊಸದೇನಲ್ಲ ಬಿಡಿ ಆದ್ರೂ ಬಾಯಿ ತೆರೆದು ನಿಂತ್ಬಿಡ್ತೀವಿ. ಟಿಕೆಟ್ ಇಲ್ಲ. ಗೇಟಿನ ರಸ್ತೆ ಮಧ್ಯ ಕಾರ್ ನಿಲ್ಸಿ ಫೋಟೋ ತೆಗಿಯೋ ಹಾಗಿಲ್ಲ ಅಂತ ಬೋರ್ಡ್ ಹಾಕಿದಾರೆ, ಯಾಕಂತ ಊಹಿಸ್ಬೋದು. ಪರ್ಲ್ ಹಾರ್ಬರಲ್ಲಿ ಮುಳುಗಿದ ಅರಿಜೋನಾ ಯುದ್ಧನೌಕೆಯ ಸ್ಮಾರಕಕ್ಕೆ ದೋಣಿ ಸಮೇತ ಫ್ರೀ, ಬುಕಿಂಗಿಗೆ ಮಾತ್ರ 1 ಡಾಲರ್. 1941ರ ಜಪಾನ್ ದಾಳಿಯಲ್ಲಿ ಆ ಒಂದು ಹಡಗಲ್ಲೇ 1,177 ಜನ ಸತ್ರು, ಅದರಿಂದ ಇವತ್ತಿಗೂ ಎಣ್ಣೆ ತೊಟ್ಟಿಕ್ತಾ ನೀರಿನ ಮೇಲೆ ಬರ್ತಿರತ್ತೆ. ಬ್ಯಾಗ್ ಬಿಡಲ್ಲ, ರೂಮಲ್ಲೇ ಇಟ್ಟು ಹೋಗಿ.

ಊಟದ್ದು ಹೇಳಿಲ್ಲ ಅಂದ್ರೆ ನಮ್ಮ ವೆಜಿಟೇರಿಯನ್ನೋರು ಬಿಡಲ್ಲ. ಅಲ್ಲಿ ಅಂಗಡಿ ಅಂಗಡಿಯಲ್ಲೂ ಅನ್ನದ ಮೇಲೆ ಡಬ್ಬಿ ಮಾಂಸ ಇಟ್ಟು ಸುತ್ತಿರೋ ಸ್ಪ್ಯಾಮ್ ಮುಸುಬಿನೇ, ತಿನ್ನೋರಿಗೆ ಅದಕ್ಕಿಂತ ಅಗ್ಗದ ತಿಂಡಿ ಇಲ್ಲ. ತಿನ್ನದೋರು ಸೀದಾ ಹೊನೊಲುಲು ಚೈನಾಟೌನ್ ಮಾರ್ಕೆಟ್ಟಿಗೆ ಹೋಗಿ, ಫಿಲಿಪೀನ್ಸ್ ಜನ ಜಾಸ್ತಿ ಇರೋದ್ರಿಂದ ನುಗ್ಗೆಸೊಪ್ಪು, ಹಾಗಲಕಾಯಿ ಸಿಗತ್ತೆ, ಕೆಸುವಂತೂ ಆ ದ್ವೀಪದ ಮೂಲ ಬೆಳೆನೇ. ಅಡುಗೆಮನೆ ಇರೋ ರೂಮ್ ಸಿಕ್ಕಿದ್ರೆ ಪತ್ರೊಡೆನೇ ಮಾಡ್ಕೋಬೋದು, ಅಕ್ಕಿ ಹಿಟ್ಟಿಂದ ಆಗಲ್ಲ ಅಂತ ನಮ್ಮತ್ತೆ ಅಂತಾರೆ, ನಂಗೆ ನಡಿಯತ್ತೆ.

ಕವಾಯಿ ದ್ವೀಪಕ್ಕೆ ಹೋಗೋರಿಗೆ ಒಂದು ಮಾತು. ಅಲ್ಲಿ ಇರೈವನ್ ಅಂತ ಶಿವನ ದೇವಸ್ಥಾನ ಇದೆ, ಬಿಳಿ ಗ್ರಾನೈಟಿನದು. ಅದರ ಕಲ್ಲುಗಳನ್ನ ಕೈಯಲ್ಲೇ ಕೆತ್ತಿದ್ದು ನಮ್ಮ ಬೆಂಗಳೂರಿನ ಹೊರವಲಯದಲ್ಲಿ, 1990ರಿಂದ ವರ್ಷಗಟ್ಟಲೆ ಕೆತ್ತಿ ಕೆತ್ತಿ ಹಡಗಲ್ಲಿ ಕಳ್ಸಿದ್ರು, 2023ರಲ್ಲಿ ಕುಂಭಾಭಿಷೇಕ ಆಯ್ತು. ಬೆಳಿಗ್ಗೆ ಹೊತ್ತು ದರ್ಶನಕ್ಕೆ ಬಿಡ್ತಾರೆ, ಟಿಕೆಟ್ ಅಂತೇನಿಲ್ಲ, ಪಕ್ಕದಲ್ಲೇ ರುದ್ರಾಕ್ಷಿ ಕಾಡು ಬೇರೆ. ಆ ದ್ವೀಪದ ಮೇಲೆ ಹೆಲಿಕಾಪ್ಟರಲ್ಲಿ ಸುತ್ತಿ ಬಂದಿರೋ ಎಷ್ಟೋ ಜನಕ್ಕೆ ಕೆಳಗೆ ಇದೊಂದಿದೆ ಅನ್ನೋದೇ ಗೊತ್ತಿರಲ್ಲ.

ಲುವಾವ್ ವಿಷ್ಯದಲ್ಲಿ ಮಾತ್ರ ಮನೆಯಲ್ಲಿ ಇನ್ನೂ ರಾಜಿ ಆಗಿಲ್ಲ. ವೈಕಿಕಿಯ ಕುಹಿಯೋ ಬೀಚಲ್ಲಿ ಕೆಲವು ಸಂಜೆ ಆಲದ ಮರದ ಕೆಳಗೆ ಹುಲಾ ಕುಣಿತ ಬಿಟ್ಟಿ ಇರತ್ತೆ, ಯಾವ ದಿನ ಅಂತ ನೋಡ್ಕೊಂಡು ಹುಲ್ಲಿನ ಮೇಲೆ ಕೂತ್ರೆ ಸಾಕು ಅಂತ ನಾನು. ತಲೆಗೆ ನೂರು ಡಾಲರಿಗೂ ಮೇಲೆ ಕೊಟ್ಟು ನಾವು ತಿನ್ನದ ಹಂದಿ ಊಟದ ಮುಂದೆ ಕೂತು ಅದೇ ಕುಣಿತ ನೋಡೋದು ಯಾವ ನ್ಯಾಯ? ವರ್ಷವೆಲ್ಲ ದುಡಿದು ಒಂದು ಸಂಜೆ ಯಾರೋ ಬಡಿಸಿ ಕುಣಿದು ತೋರಿಸಲಿ, ಅದಕ್ಕೂ ಲೆಕ್ಕ ಹಾಕ್ತೀರಲ್ಲ ಅಂತ ನನ್ನ ಹೆಂಡತಿ. ಮುಂದಿನ ಸಲ ಅವಳು ಲುವಾವಿಗೆ, ನಾನೂ ಮಕ್ಳೂ ಹುಲ್ಲಿಗೆ ಅಂತ ಸದ್ಯಕ್ಕೆ ಮಾತಾಗಿದೆ, ಮಕ್ಳನ್ನ ಇನ್ನೂ ಕೇಳಿಲ್ಲ.