ಹೆಣ ಎತ್ತಲು ದೆಹಲಿಯ ಅಪ್ಪಣೆ

ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ಚಿತ್ರವನ್ನು 1970ರಲ್ಲಿ ನೋಡಿದ ಮದರಾಸಿನ ಸೆನ್ಸಾರ್ ಮಂಡಳಿಯು, ಅದು ತೆರೆಗೆ ಬಂದರೆ ಬ್ರಾಹ್ಮಣರ ಭಾವನೆಗೆ ಧಕ್ಕೆಯಾಗುತ್ತದೆಂದು ನಿಷೇಧಿಸಿತು. ಅನಂತಮೂರ್ತಿಯವರ ಕಾದಂಬರಿಯಾದರೋ 1965ರಿಂದಲೇ ಪುಸ್ತಕದಂಗಡಿಯಲ್ಲಿ ಸಿಗುತ್ತಿತ್ತು. ಓದಿದರೆ ಕೆಡದ ಮಡಿ ನೋಡಿದರೆ ಕೆಡುತ್ತದೆಂಬ ಸೂಕ್ಷ್ಮ ಯಾವ ಧರ್ಮಸಿಂಧುವಿನಲ್ಲಿದೆಯೋ, ಮಂಡಳಿಗೇ ಗೊತ್ತು.

ಮಂಡಳಿಗೆ ಚಿತ್ರ ಅರ್ಥವಾಗಲಿಲ್ಲವೆಂದು ಹೇಳುವುದು ಮಾತ್ರ ಅನ್ಯಾಯ. ಅದು ಕಥೆಯನ್ನು ಅಭಿನಯಿಸಿಯೇ ತೋರಿಸಿತು. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರಗೆಟ್ಟ ನಾರಣಪ್ಪ ಸತ್ತಿದ್ದಾನೆ. (ಸತ್ತ ಮೇಲೂ ಊರಿನ ನಿದ್ದೆ ಕೆಡಿಸುವ ಈ ಪಾತ್ರಕ್ಕೆ ಲಂಕೇಶರನ್ನೇ ಆರಿಸಿದವರ ಕಣ್ಣಿಗೆ ಶರಣು.) ಹೆಣ ಎತ್ತುವವರೆಗೆ ಅಗ್ರಹಾರಕ್ಕೆ ಊಟವಿಲ್ಲ, ಎತ್ತಿದವರಿಗೆ ಮೈಲಿಗೆ. ಏನು ಮಾಡಬೇಕೆಂದು ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ತಾಳೆಗರಿಯ ಶಾಸ್ತ್ರಗ್ರಂಥ ಮಗುಚುತ್ತಾರೆ, ಮಾರುತಿಯ ಮುಂದೆ ಹೂವಿನ ಪ್ರಸಾದಕ್ಕೆ ಕಾಯುತ್ತಾರೆ. ಮಾರುತಿ ಬಲಕ್ಕೂ ಕೊಡುವುದಿಲ್ಲ, ಎಡಕ್ಕೂ ಕೊಡುವುದಿಲ್ಲ. ಅತ್ತ ಇಲಿಗಳು ಸಾಯುತ್ತಿವೆ, ಹದ್ದುಗಳು ಮಾಡಿನ ಮೇಲೆ ಕುಳಿತಿವೆ. ಮಂಡಳಿಯೂ ತನ್ನ ನಿಯಮಗಳ ತಾಳೆಗರಿ ಮಗುಚಿ ಮೈಲಿಗೆಯಾಗದಂತೆ ದೂರ ನಿಂತಿತು. ಚಿತ್ರಕ್ಕೆ ದೆಹಲಿಯ ಸಚಿವಾಲಯದ ಪ್ರಸಾದವೇ ಗತಿಯಾಯಿತು.

ದೆಹಲಿಯ ಮಾರುತಿ ಬಲಕ್ಕೆ ಕೊಟ್ಟ. ನಿಷೇಧ ತೆರವಾಯಿತಷ್ಟೇ ಅಲ್ಲ, 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಚಿನ್ನದ ಪದಕವೂ ದೊರೆಯಿತು. ಆ ಗೌರವ ಪಡೆದ ಮೊದಲ ಕನ್ನಡ ಚಿತ್ರ ಅದು. ಕಥೆಯಲ್ಲಿ ನಾರಣಪ್ಪನ ಜೊತೆ ಬಾಳಿದ ಚಂದ್ರಿ ಅವನ ಸಂಸ್ಕಾರಕ್ಕೆಂದು ಮೈಮೇಲಿನ ಒಡವೆ ಬಿಚ್ಚಿ ಆಚಾರ್ಯರ ಮುಂದಿಟ್ಟೊಡನೆ, ಅಲ್ಲಿಯವರೆಗೆ ಸಂಬಂಧವೇ ಇಲ್ಲವೆಂದಿದ್ದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರಿಗೆ ನಾರಣಪ್ಪ ಹೇಗೆ ಹತ್ತಿರದವನಾದನೋ, ಪದಕ ಬಂದ ಮೇಲೆ ‘ಸಂಸ್ಕಾರ’ವೂ ಹಾಗೆಯೇ ಎಲ್ಲರಿಗೂ ನೆಂಟನಾಯಿತು. ಇಂದಿಗೂ ಕನ್ನಡ ಚಿತ್ರರಂಗದ ಹೆಮ್ಮೆಯ ಯಾವ ಪಟ್ಟಿಯೂ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಇನ್ನು ಧಕ್ಕೆಯ ವಿಷಯ: ಚಿತ್ರ ಬಿಡುಗಡೆಯಾಯಿತು, ಮಠಗಳು ಬಾಗಿಲು ಹಾಕಲಿಲ್ಲ, ಸಂಧ್ಯಾವಂದನೆ ನಿಲ್ಲಲಿಲ್ಲ.

ಧಕ್ಕೆಯಾದದ್ದು ಚಂದ್ರಿಗೆ. ಆ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರು ಲೋಹಿಯಾವಾದಿ ಸಮಾಜವಾದಿ. ಪದಕ ಕೊಟ್ಟ ಅದೇ ಇಂದಿರಾ ಗಾಂಧಿಯವರ ಸರ್ಕಾರ ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಅವರನ್ನು ಬೆಂಗಳೂರಿನ ಸೆರೆಮನೆಗೆ ಹಾಕಿತು. ಆಸ್ತಮಾದಿಂದ ನರಳುತ್ತಿದ್ದ ಅವರನ್ನು ತಿಂಗಳುಗಟ್ಟಲೆ ಒಳಗಿಟ್ಟು, ದೇಹ ಪೂರ್ತಿ ಕುಸಿದ ಮೇಲೆ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಚಿತ್ರವನ್ನು ತಡೆಯುವಾಗ ಭಾವನೆ, ಧಕ್ಕೆ ಎಂದಾದರೂ ಒಂದು ಕಾರಣ ಹೇಳಿದ್ದರು. ನಟಿಯ ವಿಷಯದಲ್ಲಿ ಆ ಶ್ರಮವೂ ಬೇಕಾಗಲಿಲ್ಲ. ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಬಳಸುತ್ತಿದ್ದ, ತಿದ್ದುಪಡಿಯಾದ ಮೀಸಾ (ಆಂತರಿಕ ಭದ್ರತಾ) ಕಾಯ್ದೆಯಡಿ ಬಂಧನದ ಕಾರಣ ತಿಳಿಸಲೇಬೇಕೆಂಬ ನಿಯಮವಿರಲಿಲ್ಲ.