ಮಿನಿಯೇಚರ್‌ನಲ್ಲಿ 'ಮಿನಿ' ಇಲ್ಲ

'ಮಿನಿ ಅಂದರೆ ಚಿಕ್ಕದು, ಅದಕ್ಕೇ ಅಂಗೈಯಗಲದ ಭಾವಚಿತ್ರಕ್ಕೆ ಮಿನಿಯೇಚರ್ ಎಂಬ ಹೆಸರು ಬಂತು' ಎನ್ನುವ ಮಾತು ಆಗಾಗ ಓಡಾಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ.

ಲ್ಯಾಟಿನ್‌ನಲ್ಲಿ ಮಿನಿಯಮ್ ಎಂದರೆ ಸೀಸದಿಂದ ಮಾಡಿದ ಕೆಂಪು ಬಣ್ಣ. ನಮ್ಮ ಕಡೆ ಸಿಂಧೂರ ಎನ್ನುತ್ತಿದ್ದುದೂ ಇದನ್ನೇ. ಯುರೋಪಿನಲ್ಲಿ ಕೈಬರಹದ ಪುಸ್ತಕಗಳ ದಪ್ಪಕ್ಷರಗಳಿಗೆ ಈ ಕೆಂಪು ಬಳಿಯುತ್ತಿದ್ದರು. ಆ ಕೆಲಸಕ್ಕೆ ಮಿನಿಯಾರೆ ಎಂದು ಹೆಸರು. ಅದರಿಂದ ಇಟಾಲಿಯನ್ನಿನ ಮಿನಿಯಾತುರಾ ಹುಟ್ಟಿತು, ಅಲ್ಲಿಂದ ಇಂಗ್ಲಿಷಿಗೆ ಬಂತು. ಪುಸ್ತಕದ ಚಿತ್ರಗಳು ಸಹಜವಾಗಿಯೇ ಚಿಕ್ಕವು, ಅಲ್ವಾ? ಹಾಗಾಗಿ 'ಚಿಕ್ಕದು' ಎಂಬ ಅರ್ಥ ಆಮೇಲೆ ಅಂಟಿಕೊಂಡಿತು. 'ಮಿನಿಮಮ್'ನಂಥ ಪದಗಳ ಸದ್ದು ಅದಕ್ಕೆ ಒತ್ತಾಸೆಯಾಯಿತು. ಇನ್ನು 'ಮಿನಿ' ಎಂಬ ತುಂಡು ಪದ ತೀರಾ ಹೊಸದು. ಅದು ಮಿನಿಯೇಚರ್‌ನಿಂದಲೇ ಕತ್ತರಿಸಿಕೊಂಡದ್ದು. ಮಗಳಿಂದ ಅಮ್ಮ ಹುಟ್ಟಿದಳು ಎಂದಂತಾಯಿತು ಈ ವಾದ!

ಇದರ ಜೊತೆಗಾರ ಪದ ಲಿಮ್ನಿಂಗ್, ಅಂದರೆ ಇಂಥ ಚಿಕ್ಕ ಚಿತ್ರ ಬರೆಯುವ ಕಲೆಗೆ ಇಂಗ್ಲಿಷಿನಲ್ಲಿದ್ದ ಹಳೆಯ ಹೆಸರು. ಅದನ್ನು 'ಲೈನ್', ಅಂದರೆ ಗೆರೆಗೆ ಗಂಟು ಹಾಕುವವರೂ ಇದ್ದಾರೆ. ಅದೂ ತಪ್ಪು. ಅದರ ಬೇರು ಬೆಳಕು ಎಂಬ ಅರ್ಥದ ಲ್ಯಾಟಿನ್ ಲುಮೆನ್. ಪುಟಕ್ಕೆ ಬಣ್ಣ, ಚಿನ್ನ ತುಂಬಿ ಬೆಳಗಿಸುವುದು ಎಂಬ ಅರ್ಥ.

ಒಂದನೇ ಎಲಿಜಬೆತ್ ರಾಣಿಯ ಕಾಲದ ಕಲಾವಿದ ನಿಕೊಲಸ್ ಹಿಲಿಯರ್ಡ್ ತನ್ನ ಕಲೆಯನ್ನು ಲಿಮ್ನಿಂಗ್ ಎಂದೇ ಕರೆದ. 1572ರಲ್ಲಿ ಅವನು ಬರೆದ ರಾಣಿಯ ಚಿತ್ರದ ಎತ್ತರ ಬರೀ 5 ಸೆಂಟಿಮೀಟರ್‌ನಷ್ಟು. ಇಂಥ ಚಿತ್ರಗಳ ತೆಳು ಚರ್ಮದ ಹಾಳೆ ಮುದುಡದಿರಲಿ ಎಂದು ಹಿಂದೆ ಅಂಟಿಸುತ್ತಿದ್ದುದು ಏನು ಗೊತ್ತಾ? ಇಸ್ಪೀಟು ಎಲೆ.